ಇರುಳ ದಾರಿಯ ಜಿಂಕೆಗಳೂ ನಗರವಾಸಿಗಳ ಹೊಣೆಯೂ

ಕೋಯಂಬೇಡಿನ ಸಗಟು ಮಾರುಕಟ್ಟೆ 1996ರಲ್ಲಿ ಆರಂಭವಾದಂದಿನಿಂದ ಚೆನ್ನೈ ಮಹಾನಗರದ ಉದರಪೋಷಣೆಯ ಕೇಂದ್ರವಾಗಿದೆ. ಬೆಳಗಿನ ಜಾವಕ್ಕೆ ತರಕಾರಿ ಅಲ್ಲಿ ಬಂದಿಳಿಯಬೇಕಾದರೆ ಲಾರಿಗಳು ಇರುಳೆಲ್ಲ ಓಡಬೇಕು. ನಗರಕ್ಕಾಗಿ ನಡೆಯುವ ಈ ಬಗೆಯ ಓಟಕ್ಕೂ ಕಾಡಿನ ಜಿಂಕೆಗೂ ಏನು ಸಂಬಂಧವೆಂದು ಕೇಳುವವರುಂಟು. ಸಂಬಂಧವಿದೆ, ಅದು ಜೀವನ್ಮರಣದ ಸಂಬಂಧ.

ರಸ್ತೆಯ ಅಂಚಿನಲ್ಲಿ ಮರಗಳ ನೆರಳಿಲ್ಲ. ಮಳೆನೀರು ಹರಿದು ನಿಲ್ಲುವುದರಿಂದ ಎಳೆಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ಜಿಂಕೆ, ಕಡವೆಗಳು ಅಲ್ಲಿಗೆ ಬರುತ್ತವೆ. ಕತ್ತಲೆಗೆ ಹೊಂದಿಕೊಂಡ ಅವುಗಳ ಕಣ್ಣಿಗೆ ವಾಹನದ ಪ್ರಖರ ಬೆಳಕು ರಾಚಿದೊಡನೆ ಪ್ರಾಣಿ ದಿಕ್ಕುಗಾಣದೆ ನಿಂತುಬಿಡುತ್ತದೆ. ಆಗ ಸಾಯುವುದು ಜಿಂಕೆಯೊಂದೇ ಅಲ್ಲ. ದ್ವಿಚಕ್ರವಾಹನದ ಸವಾರನ ಪ್ರಾಣಕ್ಕೂ ಸಂಚಕಾರ ಒದಗುತ್ತದೆ.

ಬಂಡೀಪುರದಲ್ಲಿ 2009ರಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರವನ್ನು ನಿಷೇಧಿಸಲಾಯಿತು. 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್‌ಗಳಿಗೂ ಕೆಲವೇ ಬಸ್ಸುಗಳಿಗೂ ವಿನಾಯಿತಿಯುಂಟು. ದಿಂಬಂ ಘಾಟಿಯಲ್ಲಿಯೂ 2022ರ ಫೆಬ್ರುವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ಇರುಳ ಸಂಚಾರಕ್ಕೆ ಕಡಿವಾಣ ಬಿತ್ತು. ಕನ್ನಡಿಗರೇ ಬಹುವಾಗಿರುವ ತಾಳವಾಡಿಯ ರೈತರು ಇದನ್ನು ಪ್ರತಿಭಟಿಸಿದರು. ಅವರ ಬೆಳೆ ಸತ್ಯಮಂಗಲದ ಬಯಲಿಗೆ ಇಳಿಯಲು ಆ ಘಾಟಿಯ 27 ತಿರುವುಗಳೇ ಗತಿ. ತಡವಾದ ಸೊಪ್ಪು ಬಾಡುತ್ತದೆ. ತಡವಾದ ರೋಗಿಯ ಗತಿ ಇನ್ನೂ ಕಠಿಣ. ಅವರ ಅಳಲು ನ್ಯಾಯವಾದುದೇ. ಆದರೆ ಅದಕ್ಕೆ ಪರಿಹಾರ ನಿಷೇಧವನ್ನು ಕಿತ್ತೊಗೆಯುವುದಲ್ಲ. ಸ್ಥಳೀಯರಿಗೆ ವಿನಾಯಿತಿ, ಊರಿನಲ್ಲೇ ಶೀತಲಗೃಹ, ಸಮೀಪದಲ್ಲಿ ಸುಸಜ್ಜಿತ ಆಸ್ಪತ್ರೆ. ನಗರದ ಊಟಕ್ಕಾಗಿ ಕಾಡಂಚಿನ ರೈತನೊಬ್ಬನೇ ಬೆಲೆ ತೆರುವುದು ಧರ್ಮವಲ್ಲ.

ಜಿಂಕೆಗಳು ಮಿತಿಮೀರಿ ಹೆಚ್ಚಿವೆ, ಹಿಡಿದು ಬೇರೆಡೆಗೆ ಸಾಗಿಸಬೇಕೆಂಬ ಮಾತೂ ಕೇಳಿಬರುತ್ತದೆ. ಇಲ್ಲಿ ವಿವೇಚನೆ ಬೇಕು. ಬಂಡೀಪುರದಲ್ಲಿ ಹುಲಿ, ಚಿರತೆ, ಕಾಡುನಾಯಿಗಳಿಗೆ ಜಿಂಕೆಯೇ ಆಹಾರ. ಸಂಖ್ಯೆಯ ಲೆಕ್ಕವನ್ನು ಅವೇ ನೋಡಿಕೊಳ್ಳುತ್ತವೆ. ಕೋಯಂಬೇಡಿಗೆ ಅನತಿದೂರದ ಗಿಂಡಿಯ ಸ್ಥಿತಿ ಬೇರೆ. ಆ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 2.7 ಚದರ ಕಿಲೋಮೀಟರ್ ಮಾತ್ರ; ಸುತ್ತಲೂ ನಗರ. ಅಲ್ಲಿ ಹುಲಿಯಿಲ್ಲ, ಬೀದಿನಾಯಿಗಳಿವೆ. ಚುಕ್ಕೆಜಿಂಕೆ ಹೆಚ್ಚಿದಂತೆ ಅದೇ ಹುಲ್ಲನ್ನು ನೆಚ್ಚಿದ ಕೃಷ್ಣಮೃಗಕ್ಕೆ ಮೇವು ಕಡಿಮೆಯಾಗುತ್ತದೆ. ಸೆರೆಹಿಡಿದು ಸಾಗಿಸುವುದೂ ಸುಲಭವಲ್ಲ. ಬೆದರಿದ ಜಿಂಕೆ ಸಾಗಣೆಯ ಆಘಾತದಿಂದಲೇ ಸಾಯಬಹುದು. ಅಮೆರಿಕದಲ್ಲಿ ಬೇಟೆಗೆ ಅವಕಾಶವಿದ್ದರೂ ದೊಡ್ಡ ಪ್ರಾಣಿಗಳಿಗೆ ವಾಹನ ಡಿಕ್ಕಿ ಹೊಡೆಯುವ ಪ್ರಕರಣಗಳು ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚೆಂದು ಅಂದಾಜು. ಅವುಗಳಲ್ಲಿ ಬಹುಪಾಲು ಜಿಂಕೆಗಳೇ. ಆದಕಾರಣ ಕೊಲ್ಲುವುದರಿಂದಲೇ ರಸ್ತೆ ಸುರಕ್ಷಿತವಾಗುವುದೆಂಬುದು ಭ್ರಮೆ.

ತಿದ್ದಬೇಕಾದುದು ಮೊದಲು ಮನುಷ್ಯನ ನಡತೆ. ರಜೆಗೆ ತವರಿಗೆ ಹೊರಡುವ ಕುಟುಂಬಗಳು ಕಾಡುದಾರಿಯನ್ನು ಹಗಲಿನಲ್ಲಿಯೇ ದಾಟುವಂತೆ ಪ್ರಯಾಣವನ್ನು ಗೊತ್ತುಮಾಡಿಕೊಳ್ಳಬೇಕು. ನಿದ್ದೆಗೆಟ್ಟ ಚಾಲಕನ ಕೈಗೆ ವಾಹನ ಕೊಡಬಾರದು. ಒಂದು ಜಿಂಕೆ ದಾಟಿದರೆ ಹಿಂದೆ ಇನ್ನೊಂದಿರುವುದೆಂದೇ ತಿಳಿಯಬೇಕು. ಅಡ್ಡ ಬಂದಾಗ ಥಟ್ಟನೆ ಪಕ್ಕಕ್ಕೆ ತಿರುಗಿಸದೆ, ನೇರವಾಗಿಯೇ ಬ್ರೇಕ್ ಹಾಕಿ, ದೀಪವನ್ನು ತಗ್ಗಿಸಬೇಕು. ಮಕ್ಕಳ ಸಂತೋಷಕ್ಕೆಂದು ಬಾಳೆಹಣ್ಣು, ಬಿಸ್ಕತ್ತು ಎಸೆಯುವುದು ದಯೆಯಲ್ಲ. ಅದು ಪ್ರಾಣಿಯನ್ನು ಚಕ್ರದಡಿಗೆ ಕರೆಯುವ ಆಮಂತ್ರಣ. ಎಸೆದ ಪ್ಲಾಸ್ಟಿಕ್ ಚೀಲವಂತೂ ಅದರ ಹೊಟ್ಟೆ ಸೇರಿ ಕೊಲ್ಲುತ್ತದೆ.

ತವರಿನ ಕಾಡನ್ನು ನೆನೆದು ಹೆಮ್ಮೆಪಡುವ ಹೊರನಾಡ ಕನ್ನಡಿಗನಿಗೆ ಆ ಕಾಡಿನ ಇರುಳನ್ನು ಅದರ ಪಾಡಿಗೆ ಬಿಡುವುದು ಹೊರೆಯಾಗಬಾರದು.