ಐರ್ಲೆಂಡಿನ ವಿಚಾರಣೆಗಳೂ ಪ್ರಜೆಗಳ ಅಪನಂಬಿಕೆಯೂ

ಸರ್ಕಾರವು ನಿಯಮಿಸಿದ ವಿಚಾರಣಾ ಮಂಡಲಿಯನ್ನು ನಂಬದಿರುವುದು ಅವಿವೇಕವೆಂದೂ ಕೃತಘ್ನತೆಯೆಂದೂ ಹೇಳುವ ಪಂಡಿತರು ಎಲ್ಲ ದೇಶಗಳಲ್ಲಿಯೂ ಉಂಟು. ಮಕ್ಕಳ ಮೇಲಣ ಹಿಂಸೆಯನ್ನು ಕುರಿತು ಐರ್ಲೆಂಡಿನಲ್ಲಿ ನಡೆದ ವಿಚಾರಣೆಗಳ ಚರಿತ್ರೆಯನ್ನು ಇಂತಹವರು ಒಮ್ಮೆ ಆದ್ಯಂತವಾಗಿ ಓದಬೇಕು. ಅಲ್ಲಿ ಅಪನಂಬಿಕೆಯು ಪ್ರಜೆಗಳ ಮನೋದೌರ್ಬಲ್ಯದಿಂದ ಹುಟ್ಟಲಿಲ್ಲ. ಸರ್ಕಾರವೇ ಅದನ್ನು ಬಿತ್ತಿ ನೀರೆರೆಯಿತು.

ಆ ದೇಶದಲ್ಲಿ ಬಡವರ ಮಕ್ಕಳನ್ನೂ ಅನಾಥರನ್ನೂ ನ್ಯಾಯಸ್ಥಾನಗಳು ಕೈಗಾರಿಕಾ ಶಾಲೆಗಳೆಂಬ ಸಂಸ್ಥೆಗಳಿಗೆ ಕಳುಹಿಸುತ್ತಿದ್ದುವು. ಶಾಲೆಗಳನ್ನು ನಡೆಸುತ್ತಿದ್ದವರು ಕ್ಯಾಥೊಲಿಕ್ ಧರ್ಮಸಂಘದವರು. ಮಗುವೊಂದಕ್ಕೆ ಇಷ್ಟೆಂದು ಹಣ ಕೊಡುತ್ತಿದ್ದುದು ಸರ್ಕಾರ. ತನಿಖೆಯ ಭಾರ ವಿದ್ಯಾ ಇಲಾಖೆಯದು. ಡಬ್ಲಿನ್ನಿನ ಆರ್ಟೇನ್, ಪಶ್ಚಿಮದ ಲೆಟರ್‌ಫ್ರ್ಯಾಕ್ ಮುಂತಾದ ಶಾಲೆಗಳಲ್ಲಿ ಮಕ್ಕಳು ಹೊಡೆತಕ್ಕೂ ಹಸಿವಿಗೂ, ಹೇಳಬಾರದ ಅತ್ಯಾಚಾರಕ್ಕೂ ಗುರಿಯಾದರು. 1999ರಲ್ಲಿ ಮೇರಿ ರ‍್ಯಾಫ್ಟರಿ ಎಂಬ ಪತ್ರಕರ್ತೆಯು ದೂರದರ್ಶನದ ಮೂಲಕ ಈ ಸಂಗತಿಯನ್ನು ಬಯಲಿಗೆ ತರಲು, ಪ್ರಧಾನಿ ಬರ್ಟಿ ಅಹರ್ನ್ ಅವರು ಮೇ 11ರಂದು ರಾಷ್ಟ್ರದ ಪರವಾಗಿ ಕ್ಷಮೆ ಬೇಡಿದರು. 2000ದಲ್ಲಿ ಶಾಸನಬದ್ಧವಾದ ಮಂಡಲಿಯೊಂದು ಏರ್ಪಟ್ಟಿತು.

ಇಷ್ಟರಮಟ್ಟಿಗೆ ಎಲ್ಲವೂ ಶ್ಲಾಘ್ಯವೇ. ಆದರೆ ಮಂಡಲಿಯ ಪೋಷಣೆಗೆ ನಿಂತ ಇಲಾಖೆ ಯಾವುದು? ಅದೇ ವಿದ್ಯಾ ಇಲಾಖೆ! ಯಾರ ಕರ್ತವ್ಯಲೋಪವು ವಿಚಾರಣೆಗೆ ಒಳಪಡಬೇಕಾಗಿದ್ದಿತೋ ಅವರ ಕೈಯಿಂದಲೇ ವಿಚಾರಕರಿಗೆ ಹಣವೂ ಸಿಬ್ಬಂದಿಯೂ ಬರಬೇಕು! ಪ್ರತಿವಾದಿಯ ಮನೆಯಲ್ಲಿ ಉಂಡು ತೀರ್ಪು ಹೇಳೆಂದರೆ ನಮ್ಮ ಹಳ್ಳಿಯ ಪಂಚಾಯತಿಯವನೂ ನಕ್ಕಾನು. ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಮೇರಿ ಲ್ಯಾಫಾಯ್ ಅವರು 2003ರ ಸೆಪ್ಟೆಂಬರಿನಲ್ಲಿ ರಾಜೀನಾಮೆ ಘೋಷಿಸಿ, ಕೆಲಸವನ್ನು ಸಮರ್ಪಕವಾಗಿ ನಡೆಸಲು ಸರ್ಕಾರವು ಎಂದೂ ಅನುವು ಮಾಡಿಕೊಡಲಿಲ್ಲವೆಂದು ತಿಳಿಸಿದರು. ನೊಂದವರು ಶಂಕಿಸಿದರೆ ಅವಿವೇಕವಂತೆ. ಅಧ್ಯಕ್ಷರೇ ಬೇಸತ್ತು ಎದ್ದುಹೋದರೆ ಅದಕ್ಕೇನು ಹೆಸರು?

ಅವರ ಸ್ಥಾನಕ್ಕೆ ಬಂದ ನ್ಯಾಯಮೂರ್ತಿ ಶಾನ್ ರಯನ್ ಅವರ ವರದಿಯು 2009ರ ಮೇ 20ರಂದು ಹೊರಬಿದ್ದಿತು. ಅದು ಹೇಡಿಯ ಬರಹವಲ್ಲ. ಧರ್ಮಸಂಘಗಳ ಮುಂದೆ ಇಲಾಖೆಯು ಹೇಗೆ ತಲೆಬಾಗಿ ನಿಂತಿದ್ದಿತೆಂಬುದನ್ನು ಅದು ದಾಕ್ಷಿಣ್ಯವಿಲ್ಲದೆ ಹೇಳಿತು. ಆದರೆ ಕ್ರಿಶ್ಚಿಯನ್ ಬ್ರದರ್ಸ್ ಸಂಘದವರು ಮೊದಲೇ ಹೂಡಿದ್ದ ವ್ಯಾಜ್ಯದ ಫಲವಾಗಿ ಅಪರಾಧಿಗಳ ಹೆಸರುಗಳು ಮರೆಯಾದುವು. ವರದಿಯ ಪ್ರಕಟನೆಯ ದಿನ ನೊಂದವರನ್ನೇ ಸಭೆಯೊಳಕ್ಕೆ ಬಿಡಲಿಲ್ಲ! ಅವರ ಬಾಲ್ಯದ ಕಥೆಯನ್ನು ಓದುವ ಸಭೆಗೆ ಅವರೇ ಪರಕೀಯರು.

ಪರಿಹಾರದ ವಿಷಯವನ್ನೂ ನೋಡಬಹುದು. 2002ರ ಒಪ್ಪಂದದಲ್ಲಿ ಧರ್ಮಸಂಘಗಳ ಪಾಲು 12 ಕೋಟಿ 80 ಲಕ್ಷ ಯೂರೋ ಎಂದು ಗೊತ್ತುಮಾಡಿ ಉಳಿದ ಹೊಣೆಯನ್ನು ಸರ್ಕಾರವು ತೆರಿಗೆದಾರರ ತಲೆಗೆ ಕಟ್ಟಿತು. ಒಟ್ಟು ವೆಚ್ಚ ಸುಮಾರು 150 ಕೋಟಿಗೆ ಏರಿತು. ಪರಿಹಾರ ಪಡೆದವರು ಅದರ ವಿವರಗಳನ್ನು ಬಹಿರಂಗಪಡಿಸಿದರೆ ಅಪರಾಧವೆಂದು ಅದೇ ವರ್ಷದ ಶಾಸನವು ವಿಧಿಸಿತು. ಹಿಂದೆ ಮಠದಲ್ಲಿ ಬಾಯಿ ಮುಚ್ಚಿಸಿದರು; ಈಗ ಕಾನೂನಿನಿಂದ.

2019ರಲ್ಲಿ ಈ ದಾಖಲೆಗಳನ್ನೆಲ್ಲ 75 ವರ್ಷ ಮುದ್ರೆಯೊತ್ತಿ ಇಡಬೇಕೆಂಬ ಮಸೂದೆಯು ಬಂದಿತು. ಸಾಕ್ಷಿಗಳ ಮಾನರಕ್ಷಣೆಗಾಗಿ ಇದು ಅವಶ್ಯವೆಂಬುದು ಅವರ ವಾದ. ಗೋಪ್ಯವನ್ನು ಬಯಸುವ ಸಾಕ್ಷಿಗಳು ಇದ್ದರು, ನಿಜ. ಅವರ ಮಾತನ್ನು ಮುಚ್ಚಿಡಲಿ. ತೆರೆಯಿರೆಂದು ಬೇಡುವವರ ಮಾತನ್ನೂ ಮುಚ್ಚುವುದು ಯಾರ ಮಾನರಕ್ಷಣೆ? ವಿರೋಧಕ್ಕೆ ಸಿಕ್ಕಿ, 2020ರಲ್ಲಿ ಪಾರ್ಲಿಮೆಂಟು ವಿಸರ್ಜನೆಯಾದಾಗ ಆ ಮಸೂದೆಯೂ ಬಿದ್ದುಹೋಯಿತು.

ಇಷ್ಟಾದ ಮೇಲಾದರೂ ಪಾಠ ಕಲಿತರೆ? ಅವಿವಾಹಿತ ತಾಯಂದಿರ ಮತ್ತು ಶಿಶುಗಳ ಆಶ್ರಮಗಳನ್ನು ಕುರಿತ ಇನ್ನೊಂದು ಮಂಡಲಿಯ ವರದಿಯು 2021ರ ಜನವರಿಯಲ್ಲಿ ಪ್ರಕಟವಾಯಿತು. ಸುಮಾರು 550 ಮಂದಿಯ ಸಾಕ್ಷ್ಯದ ಧ್ವನಿಮುದ್ರಿಕೆಗಳನ್ನು ಮಂಡಲಿಯೇ ಅಳಿಸಿಹಾಕಿದ್ದಿತೆಂದು ಆಮೇಲೆ ತಿಳಿಯಿತು. ತಮ್ಮ ಮಾತನ್ನು ತಿರುಚಿ ಬರೆದರೆಂದು ಅನೇಕರು ಗೋಳಿಟ್ಟರು. ಬೊಬ್ಬೆ ಎದ್ದ ಮೇಲೆ ಉಳಿಕೆಯ ಪ್ರತಿಯಿಂದ ಅವು ದೊರೆತುವು. ವರದಿಯ ಕರಡನ್ನು ತಮಗೆ ತೋರಿಸಬೇಕಾಗಿದ್ದಿತೆಂದು ಕೆಲವು ವೃದ್ಧೆಯರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಅವರ ಶಾಸನಸಿದ್ಧವಾದ ಹಕ್ಕಿಗೆ ಚ್ಯುತಿ ಬಂದುದು ನಿಜವೆಂದು ಅದೇ ವರ್ಷದ ಡಿಸೆಂಬರಿನಲ್ಲಿ ಸರ್ಕಾರವು ಒಪ್ಪಿಕೊಂಡಿತು.