ಚಿತ್ರಕಥೆ: ಹಾಳೆಯ ಮೇಲೆ, ತೆರೆಯ ಮೇಲೆ

ಚಿತ್ರಕಥೆಯೆಂದರೆ ಓದಲೊಲ್ಲದ ಮಕ್ಕಳ ಕಾಲಹರಣವೆಂದು ನಮ್ಮ ಅಧ್ಯಾಪಕವರ್ಗದಲ್ಲಿ ಹಲವರು ಬಹುಕಾಲ ಭಾವಿಸಿದ್ದುಂಟು. 1967ರಲ್ಲಿ ಅನಂತ ಪೈ ಅವರ ಸಂಪಾದಕತ್ವದಲ್ಲಿ ಹೊರಟ ಅಮರ ಚಿತ್ರಕಥೆಯ ಪುಸ್ತಕಗಳು ಶಾಲಾ ಗ್ರಂಥಾಲಯಗಳ ಕಪಾಟುಗಳನ್ನು ಸೇರಿದ ಮೇಲೆ ಆ ಬಿಗುಮಾನ ತುಸು ಸಡಿಲಿತು. ಈಗಿನ ಪ್ರಶ್ನೆ ಬೇರೆಯದು. ಅಂತರಜಾಲದಲ್ಲಿ ವೆಬ್‌ಕಾಮಿಕ್‌ಗಳು ಉಚಿತವಾಗಿಯೇ ದೊರೆಯುತ್ತಿರುವಾಗ ಹಣ ತೆತ್ತು ಮುದ್ರಿತ ಚಿತ್ರಕಥೆಗಳನ್ನು ಕೊಳ್ಳುವುದೇಕೆ? ಎರಡರ ಓದೂ ಒಂದೇ ಎಂಬ ಗ್ರಹಿಕೆ ಈ ಪ್ರಶ್ನೆಯ ಹಿಂದಿದೆ. ಅದು ನನಗೆ ಸಮ್ಮತವಿಲ್ಲ.

ಮುದ್ರಿತ ಪುಟವನ್ನು ತೆರೆದೊಡನೆ ಕಣ್ಣು ಮೊದಲು ಇಡಿಯ ಪುಟವನ್ನು ಸವರುತ್ತದೆ; ಅನಂತರವೇ ಮೊದಲ ಚೌಕಕ್ಕೆ ಬರುತ್ತದೆ. ಕೊನೆಯ ಚೌಕದಲ್ಲಿ ಏನೋ ಅನಾಹುತ ಕಾದಿದೆಯೆಂಬ ಸುಳಿವು ನಡುವಿನ ಚಿತ್ರಗಳನ್ನು ಓದುವಾಗಲೂ ಮನಸ್ಸಿನಲ್ಲಿ ಮಿಡಿಯುತ್ತಿರುತ್ತದೆ. ಬಲ್ಲ ಚಿತ್ರಕಾರನು ಆದ್ದರಿಂದಲೇ ನಿಜವಾದ ಅಚ್ಚರಿಯನ್ನು ಹಾಳೆಯ ಆಚೆಯ ಮಗ್ಗುಲಿನಲ್ಲಿ ಬಚ್ಚಿಡುತ್ತಾನೆ. ಹಾಳೆ ಮಗುಚುವ ಆ ಅರೆಕ್ಷಣದ ಉತ್ಕಂಠೆಯೂ ಕಥೆಯ ಅಂಗವೇ ಆಗಿದೆ.

ತೆರೆಯ ಮೇಲೆ ಪುಟದ ಕಟ್ಟುಪಾಡು ಅನಿವಾರ್ಯವಲ್ಲ. ಈ ಶತಮಾನದ ಮೊದಲ ದಶಕದಲ್ಲಿ ದಕ್ಷಿಣ ಕೊರಿಯಾದಲ್ಲಿ ಬೆಳೆದ ವೆಬ್‌ಟೂನ್ ಮೇಲಿನಿಂದ ಕೆಳಕ್ಕೆ ಸರಿಯುತ್ತ ಹೋಗುತ್ತದೆ. ಎರಡು ಚಿತ್ರಗಳ ನಡುವೆ ಬಿಟ್ಟ ಬರಿಯ ಜಾಗವೇ ಅಲ್ಲಿ ಕಾಲದ ಅಳತೆ. ಬಾವಿಗೆ ಬೀಳುವವನನ್ನು ಹಾಳೆಯಲ್ಲಿ ಮೂರು ಚೌಕಗಳಲ್ಲಿ ಮುಗಿಸಬೇಕಾದೀತು. ಇಲ್ಲಿ ಬೆರಳು ಜಾರುವಷ್ಟು ಹೊತ್ತೂ ಅವನು ಬೀಳುತ್ತಲೇ ಇರುತ್ತಾನೆ. ಅಮೆರಿಕದ ರ್‍ಯಾಂಡಲ್ ಮನ್ರೋ 2012ರಲ್ಲಿ ರಚಿಸಿದ ಒಂದು ಚಿತ್ರಕಥೆಯ ಕೊನೆಯ ಚೌಕವನ್ನು ಎಳೆದಷ್ಟೂ ಹೊಸ ಹೊಸ ಭೂಭಾಗಗಳು ತೆರೆದುಕೊಳ್ಳುತ್ತವೆ. ಯಾವ ಮುದ್ರಣಾಲಯ ಅದನ್ನು ಅಚ್ಚುಮಾಡೀತು? ಪ್ರಕಾಶಕರ ಬಾಗಿಲು ಕಾಯದೆ ತರುಣ ಕಲಾವಿದರು ಓದುಗರನ್ನು ಮುಟ್ಟಲು ಸಾಧ್ಯವಾದುದೂ ಸಣ್ಣ ಲಾಭವಲ್ಲ.

ಸುರುಳಿಯ ಕಥೆಯೇನೋ ನಮಗೆ ಹಳೆಯದು. ಬಂಗಾಳದ ಪಟುವಾ ಕಲಾವಿದರು ಚಿತ್ರಪಟವನ್ನು ಬಿಚ್ಚುತ್ತ, ಒಂದೊಂದೇ ಚಿತ್ರಕ್ಕೆ ಬೆರಳಿಟ್ಟು ತೋರಿಸುತ್ತ ಕಥೆ ಹಾಡುತ್ತ ಬಂದವರು. ಅಲ್ಲಿ ಕಥೆಯ ನಡಿಗೆ ಗಾಯಕನ ಅಧೀನ. ಮೊಬೈಲಿನಲ್ಲಿ ಆ ಅಧಿಕಾರ ಓದುಗನ ಬೆರಳಿಗೆ ಸಂದಿದೆ. ಬೆರಳಿಗೋ ತಾಳ್ಮೆ ಕಡಿಮೆ. ಹಿಂದಿನ ಚಿತ್ರ ಕಣ್ಮರೆಯಾದ ಮೇಲೆ ಅದನ್ನು ಮತ್ತೆ ಅರಸುವ ಬಾಲಕರು ವಿರಳ.

ಬಾಳಿಕೆಯ ಮಾತೂ ಇದೆ. ಫ್ಲ್ಯಾಶ್ ತಂತ್ರಾಂಶಕ್ಕೆ ಅದರ ತಯಾರಕರು ನೀಡುತ್ತಿದ್ದ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿದಾಗ, ಅದನ್ನು ನೆಚ್ಚಿದ್ದ ಚಲನಚಿತ್ರಕಥೆಗಳು ಸಾಮಾನ್ಯ ಗಣಕಯಂತ್ರಗಳಲ್ಲಿ ತೆರೆಯದಾದವು. ರಟ್ಟು ಹರಿದ ಹಳೆಯ ಪುಸ್ತಕವನ್ನಾದರೋ ನಾಲ್ವರು ಮಕ್ಕಳು ತಲೆಗೆ ತಲೆ ತಾಗಿಸಿ ಇಂದಿಗೂ ಓದಬಲ್ಲರು.

ಗಣಕಯಂತ್ರದ ಕೊಠಡಿಗೆ ದಾನಿಗಳು ನೀಡುವ ನೆರವು ಸ್ತುತ್ಯವೇ. ಆದರೆ ಆ ಹೆಸರಿನಲ್ಲಿ ಗ್ರಂಥಾಲಯದ ಖರೀದಿಪಟ್ಟಿಯಿಂದ ಚಿತ್ರಕಥೆಗಳನ್ನು ಕೈಬಿಡಬಾರದೆಂದು ನನ್ನ ವಿನಂತಿ. ಚಿತ್ರಕಲೆಯ ಅವಧಿಯಲ್ಲಿ ಅಧ್ಯಾಪಕರು ಒಂದೇ ಕಥೆಯನ್ನು ಮಕ್ಕಳಿಂದ ಒಮ್ಮೆ ಮಡಿಸಿದ ಹಾಳೆಯ ಮೇಲೂ ಮತ್ತೊಮ್ಮೆ ಉದ್ದನೆಯ ಕಾಗದದ ಪಟ್ಟಿಯ ಮೇಲೂ ಬರೆಸಿ ನೋಡಲಿ. ಅದಕ್ಕೆ ವಿದ್ಯುತ್ತೂ ಬೇಕಿಲ್ಲ.