ಅರಸಾಳಿನ ಸೆಲ್ಫಿ ಸಾಕು

ಶಿವಮೊಗ್ಗ–ತಾಳಗುಪ್ಪ ರೈಲುಮಾರ್ಗದ ಅರಸಾಳಿನಲ್ಲಿ 2020ರಿಂದ ‘ಮಾಲ್ಗುಡಿ’ ವಸ್ತುಸಂಗ್ರಹಾಲಯವಿದೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ನ ರೈಲಿನ ದೃಶ್ಯಗಳನ್ನು ತೆಗೆದ ಹಳೆಯ ನಿಲ್ದಾಣದ ಕಟ್ಟಡ ಅದು. ಅಲ್ಲಿ ಕಾರು ನಿಲ್ಲಿಸಿ ಇಳಿದ ನಲವತ್ತು ದಾಟಿದ ಅಪ್ಪಂದಿರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, “ನಮ್ ಕಾಲದಲ್ಲಿ ಎಂಥ ಸೀರಿಯಲ್ ಬರ್ತಿತ್ತು ಗೊತ್ತೇನೋ?” ಎನ್ನುತ್ತಾರೆ. ಮಕ್ಕಳು ಫೋಟೊಗೆ ಹಲ್ಲು ಕಿರಿದು ಮತ್ತೆ ಮೊಬೈಲಿಗೆ ತಲೆ ಬಗ್ಗಿಸುತ್ತವೆ. “ಈಗಿನ ಮಕ್ಕಳೇ ಹೀಗೆ” ಎಂಬ ಪುರಾಣ ಅಲ್ಲಿಂದ ಶುರು.

ಈ ಪುರಾಣ ನಿಲ್ಲಲಿ. 1980ರ ದಶಕದ ದೂರದರ್ಶನ ನಮ್ಮನ್ನು ತಿದ್ದಿತು, ಸಜ್ಜನರನ್ನಾಗಿ ಮಾಡಿತು ಎಂಬ ಪ್ರಮಾಣಪತ್ರವನ್ನು ನಾವೇ ಬರೆದು ನಾವೇ ಸಹಿ ಹಾಕಿಕೊಂಡಿದ್ದೇವೆ. ಶಿವಮೊಗ್ಗ, ಭದ್ರಾವತಿಯ ನನ್ನ ವಯಸ್ಸಿನವರೇ, ಆ ಕಾಗದವನ್ನು ಒಮ್ಮೆ ತೆಗೆದು ಓದೋಣ.

‘ಮಾಲ್ಗುಡಿ ಡೇಸ್’ ಧಾರಾವಾಹಿಯ ಹುಡುಗ ಸ್ವಾಮಿ ಮಾದರಿ ಬಾಲಕನೇ ಅಲ್ಲ. ಲೆಕ್ಕ ಬರುವುದಿಲ್ಲ, ಅಪ್ಪನಿಗೆ ಸುಳ್ಳು ಹೇಳುತ್ತಾನೆ, ಶಾಲೆ ಬಿಟ್ಟು ಓಡುತ್ತಾನೆ. ಆರ್.ಕೆ. ನಾರಾಯಣ್ 1935ರ ಮೂಲ ಕಾದಂಬರಿಯಲ್ಲಿ ಅವನಿಗೊಬ್ಬ ಗೆಳೆಯನನ್ನು ಕೊಟ್ಟಿದ್ದಾರೆ: ಸ್ಯಾಮ್ಯುಯೆಲ್, ಬಟಾಣಿ ಎಂಬ ಅಡ್ಡಹೆಸರಿನ ಸಣ್ಣ ಹುಡುಗ. ಅವನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಇಬ್ಬರಿಗೂ ಒಂದೇ ವಿಷಯಕ್ಕೆ ನಗು ಬರುತ್ತದೆ, ಗೆಳೆತನಕ್ಕೆ ಅಷ್ಟೇ ಸಾಕು. ಅದೇ ಕಥೆಯಲ್ಲಿ ಇನ್ನೊಂದು ಪ್ರಸಂಗವಿದೆ. ಸ್ವಾತಂತ್ರ್ಯ ಹೋರಾಟದ ಗುಂಪು ಶಾಲೆಗೆ ನುಗ್ಗಿದಾಗ ಸ್ವಾಮಿಯೂ ಗುಂಪಿನೊಳಗೆ ಸೇರಿ ಹೆಡ್‌ಮಾಸ್ಟರ ಕೋಣೆಯ ಕಿಟಕಿ ಗಾಜಿಗೆ ಕಲ್ಲು ಬೀರುತ್ತಾನೆ. ದೇಶಭಕ್ತಿ ಎಷ್ಟು, ಗಾಜು ಒಡೆಯುವ ಖುಷಿ ಎಷ್ಟು ಎಂದು ಅವನಿಗೇ ಗೊತ್ತಿಲ್ಲ. ನಾರಾಯಣ್ ಅವನನ್ನು ವೀರನನ್ನಾಗಿಯೂ ಮಾಡಲಿಲ್ಲ, ಪುಂಡನನ್ನಾಗಿಯೂ ಮಾಡಲಿಲ್ಲ. ಒಳ್ಳೆಯ ಹುಡುಗನೊಬ್ಬನ ಕೈಗೆ ಗುಂಪು ಹೇಗೆ ಕಲ್ಲು ಕೊಡುತ್ತದೆ ಎಂಬುದನ್ನು ತೋರಿಸಿ ಸುಮ್ಮನಾದರು.

ಈಗ ನಮ್ಮ ಊರಿಗೆ ಬನ್ನಿ. 2022ರ ಫೆಬ್ರವರಿ 8, ಹಿಜಾಬ್ ವಿವಾದದ ದಿನಗಳು. ಶಿವಮೊಗ್ಗದ ಸರ್ಕಾರಿ ಕಾಲೇಜೊಂದರಲ್ಲಿ ಹುಡುಗನೊಬ್ಬ ಧ್ವಜಸ್ತಂಭ ಹತ್ತಿ ಕೇಸರಿ ಬಾವುಟ ಕಟ್ಟಿದ. ಕೆಳಗೆ ಕೂಗು, ಕಲ್ಲು. ಆಮೇಲೆ ನಿಷೇಧಾಜ್ಞೆ. ಹನ್ನೆರಡು ದಿನ ಕಳೆದು ಊರಿನಲ್ಲಿ ಒಬ್ಬ ಯುವಕನ ಕೊಲೆ, ಶವಯಾತ್ರೆಯ ದಾರಿಯಲ್ಲಿ ಮತ್ತೆ ಕಲ್ಲು, ಬೆಂಕಿ. 2023ರ ಅಕ್ಟೋಬರ್ 1ರಂದು ಈದ್ ಮಿಲಾದ್ ಮೆರವಣಿಗೆಯ ದಿನ ರಾಗಿಗುಡ್ಡದಲ್ಲಿ ಇನ್ನೊಮ್ಮೆ ಕಲ್ಲು. ಆ ಕಾಲೇಜಿನ ಅಂಗಳದಲ್ಲಿ ಸಾಲು ಸಾಲಾಗಿ ನಿಂತು ಕೂಗಿದ ಎರಡೂ ಕಡೆಯ ಮಕ್ಕಳು ಯಾರ ಮಕ್ಕಳು? ಲೆಕ್ಕ ಹಾಕಿ: 1986ರಲ್ಲಿ ಎಂಟು ಹತ್ತು ವರ್ಷದವರಾಗಿ ಸ್ವಾಮಿಯನ್ನು ನೋಡಿ ನಕ್ಕವರ ಮಕ್ಕಳು. ನಮ್ಮವು.

ಟಿವಿಯೇ ಕಲ್ಲು ಎಸೆಯಿಸಿತು ಎಂದು ನಾನು ಹೇಳುತ್ತಿಲ್ಲ. ರಾಜಕೀಯ ಇದೆ, ನೆಲದ ಹಳೆಯ ಗಾಯಗಳಿವೆ. ಆದರೂ ಒಂದನ್ನು ಒಪ್ಪಿಕೊಳ್ಳಲೇಬೇಕು. ಮಕ್ಕಳಿಗೆಂದು ಹೆಸರಿಟ್ಟ ಕಾರ್ಯಕ್ರಮಗಳಿಂದ ಮಕ್ಕಳು ಕಲಿಯುವುದು ಕಡಿಮೆ. ಅವು ಕಲಿಯುವುದು ದೊಡ್ಡವರು ಕಣ್ಣರಳಿಸಿ ನೋಡುವುದರಿಂದ. ಸ್ವಾಮಿಯನ್ನು ಅಜ್ಜಿ ನೋಡಿ ನಕ್ಕಳು, ಅದಕ್ಕೇ ನಾವೂ ನಕ್ಕೆವು. ಆಮೇಲೆ ಇಪ್ಪತ್ತನಾಲ್ಕು ಗಂಟೆಯ ಕನ್ನಡ ಸುದ್ದಿವಾಹಿನಿ ಮನೆಗೆ ಬಂತು. ರಾತ್ರಿ ಊಟದ ಹೊತ್ತಿಗೆ ಆರೇಳು ಮಂದಿ ಕಿರುಚಾಡುವ ಚರ್ಚೆ ಹಾಕಿಕೊಂಡು, ಮಧ್ಯದಲ್ಲಿ “ಸರಿಯಾಗಿ ಹೇಳ್ದ ನೋಡು, ಅವ್ರಿಗೆ ಹಂಗೇ ಆಗ್ಬೇಕು” ಎಂದವರು ನಾವು. ಅನ್ನ ಕಲಸುತ್ತಾ ಕೂತ ಹತ್ತು ವರ್ಷದ ಮಗು ಪರದೆಯನ್ನು ನೋಡಲಿಲ್ಲ, ನಮ್ಮ ಮುಖವನ್ನು ನೋಡಿತು. ‘ಅವ್ರು’ ಯಾರು ಎಂಬುದು ಅದಕ್ಕೆ ಆ ತಟ್ಟೆಯ ಮುಂದೆಯೇ ಗೊತ್ತಾಯಿತು.

ಭದ್ರಾವತಿಯವರಿಗೆ ಇದು ಹೆಚ್ಚು ಚುಚ್ಚಬೇಕು. ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ಆ ಊರಿನ ಕ್ವಾರ್ಟರ್ಸ್‌ಗಳಿಗೆ ಬಾರದ ಭಾಷೆಯಿಲ್ಲ. ತಮಿಳು, ತೆಲುಗು, ಮಲಯಾಳ, ಉರ್ದು ಎಲ್ಲವೂ ಒಂದೇ ನಲ್ಲಿಯ ಮುಂದೆ ಕೊಡ ಇಟ್ಟವು. ನ್ಯೂ ಟೌನ್, ಕಾಗದನಗರದ ಸಾಲುಮನೆಗಳಲ್ಲಿ ಟಿವಿ ಇದ್ದ ಮನೆಯ ಬಾಗಿಲು ಭಾನುವಾರ ಬೆಳಗ್ಗೆ ತೆರೆದೇ ಇರುತ್ತಿತ್ತು. ಕೂತವರ ಜಾತಿ ಕೇಳಲು ಚಾಪೆಯಲ್ಲಿ ಜಾಗವಿರಲಿಲ್ಲ. (ಕೇಳಿದ ಮನೆಗಳೂ ಇದ್ದವು. ಕಿಟಕಿಯ ಹೊರಗೆ ನಿಂತು ನೋಡಿದವರು ಅದನ್ನು ಇಂದಿಗೂ ಮರೆತಿಲ್ಲ.) 1988ರಿಂದ 1990ರವರೆಗೆ ಬಂದ ಬಿ.ಆರ್. ಚೋಪ್ರಾರ ‘ಮಹಾಭಾರತ’ಕ್ಕೆ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ. ಕೃಷ್ಣನ ಬಾಯಿಗೆ ಮಾತು ಕೊಟ್ಟವರು ಅವರೆಂದು ಯಾರೂ ಚಾನೆಲ್ ಬದಲಿಸಲಿಲ್ಲ. ಬದಲಿಸಲು ಇನ್ನೊಂದು ಚಾನೆಲ್ಲೂ ಇರಲಿಲ್ಲ ಬಿಡಿ! ಕಾಗದ ಕಾರ್ಖಾನೆ ನಿಂತು ವರ್ಷಗಳಾದವು, ಆ ಸಾಲುಮನೆಗಳು ಬಿಕೋ ಎನ್ನುತ್ತವೆ. ಒಟ್ಟಿಗೆ ಕೂರುವ ಚಾಪೆಯನ್ನು ಮಾತ್ರ ಯಾವ ಸರ್ಕಾರವೂ ಮುಚ್ಚಲಿಲ್ಲ, ನಾವೇ ಸುತ್ತಿಟ್ಟೆವು.

ಹಾಗಾದರೆ ಮಕ್ಕಳಿಗೆ ನೀತಿ ಹೇಳುವ ಕಾರ್ಯಕ್ರಮ ಬೇಕೇ? ಬೇಡ. 1997ರಲ್ಲಿ ಬಂದ ‘ಶಕ್ತಿಮಾನ್’ ಪ್ರತಿ ಕಂತಿನ ಕೊನೆಗೆ ಬುದ್ಧಿ ಹೇಳುತ್ತಿತ್ತು. ಮಕ್ಕಳು ಬುದ್ಧಿಮಾತು ಬಿಟ್ಟು ಗಿರಗಿರ ಸುತ್ತುವುದನ್ನು ಕಲಿತರು. ಕೊನೆಗೆ ‘ನನ್ನಂತೆ ಮಾಡಬೇಡಿ’ ಎಂದು ಶಕ್ತಿಮಾನ್‌ನೇ ಕೇಳಿಕೊಳ್ಳಬೇಕಾಯಿತು. ಬೇಕಿರುವುದು ಕಥೆ. ಅದೂ ಕನ್ನಡದಲ್ಲಿ, ನಮ್ಮ ಊರಿನ ಮಳೆ, ಜಗಳ, ಸ್ಯಾಮ್ಯುಯೆಲ್‌ಗಳು ಇರುವ ಕಥೆ. ಡಬ್ಬಿಂಗ್ ಬೇಡ ಎಂದು ದಶಕಗಟ್ಟಲೆ ಹೋರಾಡಿದ ನಾಡು ಮಕ್ಕಳಿಗೆಂದು ಸ್ವಂತದ್ದನ್ನು ಎಷ್ಟು ಮಾಡಿತು? ಮಕ್ಕಳು ಹಿಂದಿಯಲ್ಲಿ ಛೋಟಾ ಭೀಮ್ ನೋಡಿ ಬೆಳೆದವು. ಭಾಷೆಯ ಅಭಿಮಾನದ ಹೆಸರಿನಲ್ಲಿ ಮಕ್ಕಳನ್ನೇ ಭಾಷೆಯ ಹೊರಗೆ ಕೂರಿಸಿದೆವು.

ಮಾಡಲು ಕೈಯಿಲ್ಲದ ಜಿಲ್ಲೆಯಲ್ಲ ಇದು. 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಂ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿ, ಮುಗಿದ ಮೇಲೆ ಕೂರಿಸಿ ಮಾತಾಡಿಸಿದ ಸಂಸ್ಥೆ. ಭದ್ರಾವತಿಯಲ್ಲಿ ಆಕಾಶವಾಣಿ ಇದೆ, ಶಿವಮೊಗ್ಗದಲ್ಲಿ ರಂಗಾಯಣ ಇದೆ. ಇವರ ಬಾಗಿಲು ತಟ್ಟಿ. ತಿಂಗಳಿಗೊಮ್ಮೆ ಬಡಾವಣೆಯ ಸಮುದಾಯ ಭವನದಲ್ಲಿ ಮಕ್ಕಳ ಚಿತ್ರ ಹಾಕಲು ಒಂದು ಪ್ರೊಜೆಕ್ಟರು, ಒಂದು ಬಿಳಿ ಪಂಚೆ ಸಾಕು. ಟಿಪ್ಪು ನಗರದ ಮಕ್ಕಳೂ ವಿನೋಬನಗರದ ಮಕ್ಕಳೂ ಒಂದೇ ಕಡೆ ಕೂರುವಂತೆ ಜಾಗ ಆರಿಸಿ. ಜಾಗ ಆರಿಸುವಾಗಲೇ ನಿಮ್ಮ ಧೈರ್ಯ ಎಷ್ಟೆಂದು ಗೊತ್ತಾಗುತ್ತದೆ.

ಕಾನೂನೂ ಇದೆ. ಮಕ್ಕಳು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ಅವರಿಗೆ ತಕ್ಕದ್ದಲ್ಲದ್ದನ್ನು ತೋರಿಸಬಾರದೆಂದು ಕೇಬಲ್ ಟಿವಿ ನಿಯಮಗಳು ಹೇಳುತ್ತವೆ. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸಮಿತಿ ಇರಬೇಕೆಂದು ಕೇಂದ್ರದ ಆದೇಶವಿದೆ. ವಾಟ್ಸಾಪಿನಲ್ಲಿ ಹಲುಬುವ ಬದಲು ಆ ಸಮಿತಿಗೆ ಬರೆಯಿರಿ. ಚಂದನ ವಾಹಿನಿಗೂ ಬರೆಯಿರಿ: ದಿನಕ್ಕೆ ಅರ್ಧ ಗಂಟೆ, ಕನ್ನಡದ ಮಕ್ಕಳಿಗೆ, ಹೊಸದಾಗಿ ಮಾಡಿದ ಕಥೆ. ನಿಮ್ಮ ಮಕ್ಕಳ ಶಾಲೆಯ ಪೋಷಕರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ ಆ ಪತ್ರವನ್ನು ಸಹಿಗೆ ಇಡಿ. ನವೆಂಬರ್ 14ರೊಳಗೆ ಕಳಿಸಿ. ಅಲ್ಲಿಯವರೆಗೆ ರಾತ್ರಿ ಊಟದ ಹೊತ್ತಿನ ಚರ್ಚೆಯನ್ನು ಬಂದ್ ಮಾಡಿ. ರಿಮೋಟು ನಿಮ್ಮ ಕೈಯಲ್ಲೇ ಇದೆ.